ಗೋಡೆಯಕ್ಕನ ಎರಡು ನಿಮಿಷ

ಪ್ರಶ್ನೆ ಕೇಳಿ ಮುಗಿಸಿದ ಕೂಡಲೇ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲುವ ಸಮೀಕ್ಷಕಿಯನ್ನು ನನ್ನ ಇಪ್ಪತ್ತೆರಡು ವರ್ಷದ ಕಚೇರಿ ಬದುಕಿನಲ್ಲಿ ನಾನು ಕಂಡದ್ದು ಒಬ್ಬರನ್ನೇ. ಉಳಿದವರೆಲ್ಲ ಉತ್ತರ ಕೊಡುವವರ ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಿದ್ದರು. ಹಾಗೆಯೇ ಕೂರಬೇಕೆಂದು ನಮ್ಮ ತರಬೇತಿ ಪುಸ್ತಕದ ಮೂರನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಇವರು ಮಾತ್ರ ಫಾರಂ, ಪೆನ್ಸಿಲು, ಲಕೋಟೆ ಮೂರನ್ನೂ ಎದುರಿನವರ ಕೈಗೆ ಕೊಟ್ಟು, ಆ ಮನೆಯ ಕ್ಯಾಲೆಂಡರನ್ನೋ, ಹಳೆಯ ಫೋಟೋವನ್ನೋ, ಏನೂ ಇಲ್ಲದಿದ್ದರೆ ಸುಣ್ಣ ಬಿಟ್ಟ ಬಿರುಕನ್ನೋ ತದೇಕಚಿತ್ತದಿಂದ ನೋಡುತ್ತ ನಿಂತುಬಿಡುತ್ತಿದ್ದರು. ನಮ್ಮ ಟೈಪಿಸ್ಟು ಅವರಿಗೆ ಗೋಡೆಯಕ್ಕ ಎಂದು ಹೆಸರಿಟ್ಟ. ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಹಾಜರಿ ಪುಸ್ತಕದಲ್ಲಿ ಅವರ ನಿಜನಾಮಧೇಯ ಕಂಡಾಗ ಯಾರೋ ಹೊಸಬರು ಸೇರಿಕೊಂಡಿದ್ದಾರೆಂದು ನಾನೊಮ್ಮೆ ಭಾವಿಸಿದ್ದುಂಟು.

ವಯಸ್ಸು ಐವತ್ತರ ಆಸುಪಾಸು. ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟು. ಅಣ್ಣನದಾಗಿದ್ದು ಅವರ ಪಾಲಿಗೆ ಬಂದದ್ದು, ಭುಜದಲ್ಲಿ ಎರಡು ಬೆರಳು ಹೆಚ್ಚು. ಹೆಂಗಸರ ಉಡುಪಿಗೆ ನೆಟ್ಟಗೆ ಒಂದು ಜೇಬು ಇಡುವ ದರ್ಜಿ ಇನ್ನೂ ಹುಟ್ಟಿಲ್ಲವಾದ್ದರಿಂದ ಅಣ್ಣನ ಕೋಟೇ ಗತಿ ಎಂದು ಅವರ ದೂರು. ಆ ಜೇಬುಗಳಲ್ಲಿ ಬ್ಲೇಡಿನಿಂದ ಹೆರೆದು ಸೂಜಿ ಮಾಡಿಟ್ಟ ಪೆನ್ಸಿಲುಗಳು, ಲಕೋಟೆಯ ಕಟ್ಟು, ಒಂದು ಕರವಸ್ತ್ರ. ನಡೆಯುವಾಗ ರಸ್ತೆಯ ಅಂಚನ್ನೇ ಹಿಡಿದು, ತುಂಬಿದ ಕೊಡ ಹೊತ್ತವರ ಹಾಗೆ ಒಂದಿಷ್ಟೂ ಅಲುಗದೆ ನಡೆಯುತ್ತಿದ್ದರು. ಎದುರಿಗೆ ಪರಿಚಿತರು ಕಂಡರೆ ಆಚೆ ಬದಿಗೆ ದಾಟುತ್ತಿದ್ದರು, ಅಪರಿಚಿತರು ಕಂಡರೂ ದಾಟುತ್ತಿದ್ದರು. ಕರೆಗಂಟೆ ಒತ್ತುವ ಮೊದಲು ತುಟಿಯಲ್ಲೇ ಏಳರವರೆಗೆ ಎಣಿಸುವುದು ಅವರ ಕ್ರಮ. ಬಾಯಿ ತೆರೆದರೆ ಮೊದಲು ಬರುವ ಮಾತು, "ತಪ್ಪು ತಿಳ್ಕೋಬೇಡಿ." ಮಳೆ ಬರುತ್ತಿದೆ ಎನ್ನುವುದಕ್ಕೂ ಅವರಿಗೆ ಆ ಪೀಠಿಕೆ ಬೇಕು.

ಇಂಥವರು ದಿನಕ್ಕೆ ಹತ್ತು ಅಪರಿಚಿತ ಬಾಗಿಲು ತಟ್ಟುವ ಉದ್ಯೋಗವನ್ನೇ ಯಾಕೆ ಹಿಡಿದರೆಂದು ನಾನೊಮ್ಮೆ ಕೇಳಿದ್ದೆ. ಬಾಗಿಲು ತಟ್ಟಿ ತಟ್ಟಿ ಅಂಜಿಕೆ ಸವೆದುಹೋಗಬಹುದೆಂದು ಯಾರೋ ಹೇಳಿದ್ದರಂತೆ. ಸವೆಯಿತೇ ಎಂದೆ. "ಇಲ್ಲ. ಬಾಗಿಲುಗಳ ಅಭ್ಯಾಸ ಆಯ್ತು ಅಷ್ಟೆ," ಎಂದು ನಕ್ಕರು.

ನಾನು ಅದೇ ಕಚೇರಿಯಲ್ಲಿ ವರದಿಗಳ ಭಾಷೆ ತಿದ್ದುವವನು. ಆ ವರ್ಷ ನಮ್ಮ ಪಾಲಿಗೆ ಬಂದ ಕೆಲಸ ವಿಚಿತ್ರವಾದದ್ದು: ನಾಲ್ಕು ಜನರ ನಡುವೆ ಹೋಗಲು, ಮಾತಾಡಲು, ಇತರರ ಕಣ್ಣಿಗೆ ಬೀಳಲು ಭಯಪಡುವವರು ಎಷ್ಟು ಮಂದಿ, ಅವರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು ಎಂದು ಮನೆಮನೆಗೆ ಹೋಗಿ ಕೇಳುವುದು. ಒಟ್ಟು ಐದು ಪ್ರಶ್ನೆ; ಮೂರಕ್ಕೆ ಹೌದು ಎಂದವರು ಭಯಸ್ಥರ ಲೆಕ್ಕಕ್ಕೆ. ಕೆಲಸ ಆರಂಭವಾದ ದಿನ ನಿರ್ದೇಶಕರು ಸಮಿತಿಯ ಸಭೆಯಲ್ಲಿ, ತಮಾಷೆಗೆಂದು, ಆ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಹೌದೆನ್ನುವವರು ಕೈಯೆತ್ತಿ ಎಂದರು. ಸಮಿತಿಯಲ್ಲಿ ನಿರ್ದೇಶಕರು, ನಮ್ಮ ಮೇಲ್ವಿಚಾರಕರು ಸೇರಿ ಆರು ಗಂಡಸರು, ಇಬ್ಬರು ಹೆಂಗಸರು. ಹೆಂಗಸರಿಬ್ಬರೂ ಮುಗುಳುನಗುತ್ತ ಅರ್ಧ ಕೈಯೆತ್ತಿದರು. ಗಂಡಸರ ಕೈಗಳು ಮೇಜಿಗೆ ಮೊಳೆ ಹೊಡೆದಂತಿದ್ದವು. ಮೂಲೆಯಲ್ಲಿ ಕೂತು ಸಭೆಯ ಟಿಪ್ಪಣಿ ಬರೆಯುತ್ತಿದ್ದ ನನ್ನ ಕೈಯೂ ಮೇಲೇಳಲಿಲ್ಲ, ಟಿಪ್ಪಣಿ ಬರೆಯುವ ನೆಪ ಇತ್ತಲ್ಲ. ನಿರ್ದೇಶಕರ ಬಗ್ಗೆ ಇಲ್ಲೇ ಒಂದು ಮಾತು. ಅವರದು ಗಡಸು ಕಂಠ, ದೊಡ್ಡ ನಗೆ. ಯಾವ ಸಭೆಗಾದರೂ ಎಲ್ಲರಿಗಿಂತ ಹತ್ತು ನಿಮಿಷ ಮೊದಲೇ ಬಂದು ಗೋಡೆಗೆ ಬೆನ್ನು ಕೊಟ್ಟ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಅದನ್ನು ನಾವು ಶಿಸ್ತು ಎನ್ನುತ್ತಿದ್ದೆವು.

ಅಕ್ಕ ತಮ್ಮ ಪದ್ಧತಿಯನ್ನು ಮೊದಲು ಪ್ರಯೋಗಿಸಿದ್ದು ನನ್ನ ಮೇಲೆ. ಮೇಲ್ವಿಚಾರಕರು ಅಭ್ಯಾಸಕ್ಕೆಂದು ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಾಗ ಐದಕ್ಕೂ ಇಲ್ಲ ಎಂದಿದ್ದೆ. ಮರುದಿನ ಅಕ್ಕ ಬಂದು, ನನ್ನ ಮುಖ ನೋಡಲಾಗದೆ ಮೊದಲು ನೆಲ ನೋಡಿ, ಆಮೇಲೆ ಪೂರ್ತಿ ತಿರುಗಿ ನಿಂತರು. ಅದು ಉಪಾಯವಾಗಿರಲಿಲ್ಲ, ಅವರ ಕೈಲಾಗದ್ದು ಅಷ್ಟೆ. ಆದರೆ ಆ ಬೂದು ಬೆನ್ನಿನ ಹಿಂದೆ ಕೂತಾಗ ನನಗೇನಾಯಿತೋ, ಪೆನ್ಸಿಲು ತನ್ನಷ್ಟಕ್ಕೆ ನಾಲ್ಕು ಹೌದುಗಳಿಗೆ ಗುರುತು ಹಾಕಿತು. ಫೋನು ರಿಂಗಾದರೆ ಸ್ನಾನದ ಮನೆಗೆ ಹೋಗುವ, ಹೋಟೆಲಿನಲ್ಲಿ ಬೇರೆಯವರು ಹೇಳಿದ ತಿಂಡಿಯನ್ನೇ ನನಗೂ ಅದೇ ಎಂದು ಹೇಳಿ ನಲವತ್ತೈದು ವರ್ಷ ಕಳೆದ ಮನುಷ್ಯ ನಾನು. ಲಕೋಟೆ ಅಂಟಿಸಿದಾಗ ಬಿಗಿಯಾದ ಚಪ್ಪಲಿ ಕಳಚಿದಷ್ಟು ಹಾಯೆನಿಸಿತು.

ಹೀಗೆ ಮನೆಮನೆ ತಿರುಗಿ ಬಂದ ಅಕ್ಕ, ಯಾರ ಹೆಸರೂ ಊರೂ ಹೇಳದೆ, ಅಲ್ಲಿಷ್ಟು ಇಲ್ಲಿಷ್ಟು ನನಗೆ ಹೇಳುತ್ತಿದ್ದರು. ಒಂದು ಮನೆಯಲ್ಲಿ ಅಣ್ಣ ಮುಂದೆ ಬಂದು, ನಮ್ಮ ತಂಗಿಗೆ ಸಂಕೋಚ ಜಾಸ್ತಿ, ಅವಳ ಪರವಾಗಿ ನಾನೇ ಹೇಳುತ್ತೇನೆ ಎಂದನಂತೆ. ಒಳಗಿನಿಂದ ತಂಗಿ, ಅಣ್ಣ ಯಾರ ಮದುವೆಗೂ ಹೋಗದೆ ಹತ್ತು ವರ್ಷವಾಯಿತೆಂದೂ ತನಗೆ ಗದ್ದಲ ಆಗದೆಂದು ಹೇಳಿಕೊಳ್ಳುತ್ತಾನೆಂದೂ ತಣ್ಣಗೆ ತಿಳಿಸಿದಳಂತೆ. ಇನ್ನೊಂದು ಮನೆಯವನು ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು, ಅವನ ಕಂಠ ಮೂರು ಬೀದಿಗೆ ಕೇಳುವಂಥದ್ದು. ಹೆಂಡತಿಯ ಎದುರು ಎದೆ ಸೆಟೆಸಿ ಇಲ್ಲ ಎಂದವನು, ಅಕ್ಕ ಗೋಡೆಗೆ ತಿರುಗಿ, ಹೆಂಡತಿ ಒಳಗೆ ಹೋದ ಮೇಲೆ ಬಹಳ ಹೊತ್ತು ಬರೆದು, ಲಕೋಟೆ ಕೊಡುವಾಗ ಪಿಸುಗುಟ್ಟಿದನಂತೆ, "ಕೂಗೋವಾಗ ಅದು ನಾನಲ್ಲಕ್ಕಾ. ಕೂಗು ನಿಂತ ಮೇಲೆ ಯಾರಾದ್ರೂ ಹೇಗಿದೀಯ ಅಂದ್ರೆ ಕಾಲು ನಡುಗುತ್ತೆ."

ಹೆಂಗಸರು ಹೌದು ಎನ್ನಲು ಅಷ್ಟು ಕಷ್ಟಪಡುತ್ತಿರಲಿಲ್ಲ. ಊಟ ಆಯಿತೇ ಎಂದು ಕೇಳಿದರೆ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದರು. ಯಾರು ನೋಡುತ್ತಾರೆ, ಯಾರು ಏನಂದುಕೊಳ್ಳುತ್ತಾರೆ ಎಂಬ ಮಾತನ್ನು ಲಂಗದ ವಯಸ್ಸಿನಿಂದ ಕೇಳಿಸಿಕೊಂಡೇ ಬೆಳೆದವರು. ಅದೇ ನಡುಕಕ್ಕೆ ಹೆಂಗಸಿನಲ್ಲಿ ಸಂಕೋಚ ಎಂದು ಹೆಸರು, ಗಂಡಸಿನಲ್ಲಿ ಗತ್ತು ಎಂದು ಹೆಸರು. ಇದು ನನ್ನ ಮಾತಲ್ಲ, ಅಕ್ಕ ಒಮ್ಮೆ ಪೆನ್ಸಿಲು ಹೆರೆಯುತ್ತ ಅಂದದ್ದು.

ನಾಲ್ಕು ತಿಂಗಳಾದ ಮೇಲೆ ಕುತ್ತು ಬಂತು. ಉಳಿದ ಹನ್ನೊಂದು ಸಮೀಕ್ಷಕರ ಫಾರಂಗಳಲ್ಲಿ ನೂರು ಗಂಡಸರಿಗೆ ನಾಲ್ವರು ಭಯಸ್ಥರು. ಅಕ್ಕನ ಫಾರಂಗಳಲ್ಲಿ ನೂರಕ್ಕೆ ಹತ್ತೊಂಬತ್ತು. ಹೆಂಗಸರ ಲೆಕ್ಕ ಎಲ್ಲರದೂ ಹೆಚ್ಚುಕಡಿಮೆ ಒಂದೇ, ಇಪ್ಪತ್ತೈದರ ಸುತ್ತ. ಗಂಡಸರು ಹೀಗೆಲ್ಲ ಹೇಳುವುದುಂಟೇ ಎಂದು ಮೇಲ್ವಿಚಾರಕರು ಹುಬ್ಬೇರಿಸಿ, ಇವು ಮನೆಯಲ್ಲಿ ಕೂತು ತುಂಬಿದ ಫಾರಂಗಳು ಎಂದು ಬರೆದು ಮೇಲಕ್ಕೆ ಕಳಿಸಿದರು. ನಮ್ಮ ವೃತ್ತಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಆ ಕಳಂಕ ಹತ್ತಿತೆಂದರೆ ನಾಲ್ಕು ತಿಂಗಳ ದುಡಿಮೆ ಕಸದ ಬುಟ್ಟಿಗೆ, ಮತ್ತೆ ಯಾವ ಕಚೇರಿಯೂ ಅಕ್ಕನನ್ನು ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಗುರುವಾರ ಸಮಿತಿಯ ಎದುರು ಖುದ್ದಾಗಿ ನಿಂತು ವಿವರಣೆ ಕೊಡಬೇಕೆಂದು ಆದೇಶವಾಯಿತು. ಎಂಟು ಜನ, ಹದಿನಾರು ಕಣ್ಣು.

ಬುಧವಾರ ಅವರು ನನ್ನ ಮೇಜಿನ ಬಳಿ ಬಂದು ಎರಡು ಪುಟ ಬರೆದದ್ದನ್ನು ಇಟ್ಟು, ತಮ್ಮ ಬದಲು ನಾನು ಓದಿಬಿಡಬಹುದೇ ಎಂದು ಕೇಳಿದರು. ನಾನು ಹೌದೆನ್ನಬೇಕಿತ್ತು. ಅವರ ಪದ್ಧತಿ ನಿಜವೆಂಬುದಕ್ಕೆ ಸಾಕ್ಷಿ ಬೇರೆ ಯಾಕೆ, ನಾನೇ ಇದ್ದೆ: ಎದುರಿಗೆ ಕೂತಾಗ ಐದು ಇಲ್ಲ, ಬೆನ್ನ ಹಿಂದೆ ನಾಲ್ಕು ಹೌದು. ಅಷ್ಟು ಹೇಳಿದ್ದರೆ ಸಾಕಿತ್ತು. ನಾನು ಕತ್ತಿನ ಮೇಲೆ ಕೈಯಿಟ್ಟು ಗಂಟಲು ನೋವು ಎಂದೆ. ಇಂದಿಗೂ ಆ ಸುಳ್ಳು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಅಕ್ಕ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡು, ಯಾವ ಕಹಿಯೂ ಇಲ್ಲದೆ, "ಗಂಟಲು ನೋವು ನಮ್ಮಿಬ್ಬರಿಗೂ ಇದೆ ಬಿಡಿ," ಎಂದು ಹೊರಟುಹೋದರು.

ಗುರುವಾರ ಸೆಕೆಯಿತ್ತು, ಆದರೂ ಅಕ್ಕ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದರು. ಬಾಗಿಲ ಹೊರಗೆ ಅವರ ತುಟಿ ಏಳರವರೆಗೆ ಆಡುವುದು ಗಾಜಿನಲ್ಲಿ ಕಂಡಿತು. ಅಂದು ಏಳಾದ ಮೇಲೆ ಇನ್ನೊಮ್ಮೆ ಏಳು. ಮೇಲ್ವಿಚಾರಕರು ಆರೋಪ ಓದಿದರು. ಅಕ್ಕ ಮಡಚಿದ ಹಾಳೆಗಳನ್ನು ತೆಗೆದರು, ಬಿಡಿಸಿದರು, ನೋಡಿದರು, ಮತ್ತೆ ಜೇಬಿಗೆ ಇಟ್ಟರು. ಮುಗಿಯಿತು ಎಂದುಕೊಂಡೆ. ಆಗ ಇನ್ನೊಂದು ಜೇಬಿನಿಂದ ಫಾರಂಗಳ ಕಟ್ಟು ತೆಗೆದು, ಒಬ್ಬೊಬ್ಬರ ಮುಂದೆ ಒಂದು ಫಾರಂ, ಒಂದು ಪೆನ್ಸಿಲು, ಒಂದು ಲಕೋಟೆ ಇಡುತ್ತ ಬಂದರು. ಮೂಲೆಯಲ್ಲಿದ್ದ ನನಗೂ ಒಂದು ಕೊಟ್ಟರು.

"ತಪ್ಪು ತಿಳ್ಕೋಬೇಡಿ. ಮಾತಾಡಿ ವಿವರಿಸೋದು ನನ್ನಿಂದ ಆಗಲ್ಲ," ಎಂದರು. "ಮನೆಗಳಲ್ಲಿ ಏನು ಮಾಡಿದೆನೋ ಅದನ್ನೇ ಮಾಡ್ತೀನಿ. ಹೆಸರು ಬೇಡ. ಹೆಣ್ಣೋ ಗಂಡೋ ಅಂತ ಮೇಲೆ ಗುರುತು ಹಾಕಿ, ಅಷ್ಟು ಸಾಕು. ನೀವು ಬರೆಯೋ ತನಕ ನಾನು ಗೋಡೆ ನೋಡ್ತಿರ್ತೀನಿ."

ತಿರುಗಿ ನಿಂತರು. ಎದುರಿನ ಗೋಡೆಯಲ್ಲಿ ಒಂದು ಗಡಿಯಾರ ಮಾತ್ರ. ಯಾರೋ ಕೆಮ್ಮಿದರು, ಒಬ್ಬರು ಇದೇನಿದು ಎಂದು ಗೊಣಗಿದರು, ಆಮೇಲೆ ಪೆನ್ಸಿಲುಗಳು ಸರಸರ ಓಡತೊಡಗಿದವು. ಕೋಟಿನ ಅಂಚು ಅಲುಗುತ್ತಿರುವುದು ನಾನು ಕೂತಲ್ಲಿಗೆ ಕಾಣುತ್ತಿತ್ತು. ಎರಡು ನಿಮಿಷ ಹಾಗೆ ನಡುಗುತ್ತ ನಿಂತರು, ಒಮ್ಮೆಯೂ ಕತ್ತು ಹೊರಳಿಸಲಿಲ್ಲ. ನಾನು ಈ ಸಲ ಐದಕ್ಕೂ ಹೌದು ಎಂದು ಗುರುತು ಹಾಕಿದೆ.

ಲಕೋಟೆಗಳನ್ನು ಕಲಸಿ ಒಡೆದವರು ಸಮಿತಿಯ ಹಿರಿಯಾಕೆ, ಅಂಕಿಅಂಶದ ಪಂಡಿತೆ. ಮುಖದಲ್ಲಿ ಏನನ್ನೂ ತೋರಗೊಡದೆ ಎರಡು ಗುಡ್ಡೆ ಮಾಡಿ ಓದಿದರು: ಹೆಂಗಸರು ಇಬ್ಬರು, ಇಬ್ಬರೂ ಭಯಸ್ಥರು; ಗಂಡಸರು ನಾನೂ ಸೇರಿ ಏಳು ಮಂದಿ, ಐವರು ಭಯಸ್ಥರು. ಆಮೇಲೆ ಯಾವುದೋ ಕುರ್ಚಿಯಿಂದ ಒಂದು ನಗೆ ಹೊರಟಿತು, ಗೇಲಿಯದಲ್ಲ, ಹೊರೆ ಇಳಿಸಿದವನು ಬಿಡುವ ಉಸಿರಿನಂಥ ನಗೆ. ಅದು ಮೇಜಿನ ಸುತ್ತ ಒಂದು ಸುತ್ತು ಬಂತು. ಇಬ್ಬರು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಆರೋಪ ಬರೆದ ಮೇಲ್ವಿಚಾರಕರೇ ಎದ್ದು ಅಕ್ಕನಿಗೆ ಕುರ್ಚಿ ಎಳೆದುಕೊಟ್ಟರು.

ಉತ್ಸಾಹ ಬಂದ ಒಬ್ಬ ಸದಸ್ಯರು, ಹಾಗಾದರೆ ಹೆಂಗಸರಿಗೂ ಗಂಡಸರಿಗೂ ವ್ಯತ್ಯಾಸವೇ ಇಲ್ಲವೆಂದು ವರದಿಯಲ್ಲಿ ಬರೆದುಬಿಡೋಣ ಎಂದರು. ಅಕ್ಕ ಕೂತಲ್ಲಿಂದಲೇ ಮಾತಾಡಿದರು, ಈ ಬಾರಿ ಪೀಠಿಕೆಯಿಲ್ಲದೆ. "ಹಾಗೆ ಬರೀಬೇಡಿ. ನನ್ನ ಮನೆಗಳಲ್ಲೂ ಹೆಂಗಸರಲ್ಲೇ ಜಾಸ್ತಿ. ಅವರು ಬಾಯ್ಬಿಟ್ಟು ಹೇಳಿದ್ದನ್ನ ಅಳಿಸ್ಬೇಡಿ. ಅಂತರ ನಾವು ಅಂದ್ಕೊಂಡಷ್ಟು ದೊಡ್ಡದಲ್ಲ, ಅಷ್ಟೇ." ಅಷ್ಟನ್ನೇ ಬರೆಯುವುದೆಂದಾಯಿತು. ಅವರ ಫಾರಂಗಳು ಉಳಿದವು, ಅವರೂ ಉಳಿದರು. ನೋಡುವ ಕಣ್ಣಿಗೆ ಅಂಜುವವರನ್ನು ಕಣ್ಣಲ್ಲಿ ಕಣ್ಣಿಟ್ಟು ಕೇಳಿ ಎಂದು ನಾವೇ ಬರೆದುಕೊಂಡಿದ್ದ ಬುದ್ಧಿವಂತಿಕೆಯ ಆ ಸಾಲನ್ನು ತರಬೇತಿ ಪುಸ್ತಕದ ಮೂರನೆಯ ಪುಟದಿಂದ ಹೊಡೆದುಹಾಕಿ ಹೊಸ ಸಾಲು ಬರೆಯುವ ಕೆಲಸ ನನ್ನದಾಯಿತು. ನನ್ನ ಕೈಯಿಂದ ಅಷ್ಟು ನೆಮ್ಮದಿಯ ವಾಕ್ಯ ಇನ್ನೊಂದು ಬಂದಿಲ್ಲ.

ಸಭೆ ಚದುರಿದ ಮೇಲೆ ನಾನು ಟಿಪ್ಪಣಿ ಜೋಡಿಸಿಕೊಂಡು ಹೊರಬಂದಾಗ, ಪಡಸಾಲೆಯಲ್ಲಿ ನಿರ್ದೇಶಕರು ಅಕ್ಕನ ಎದುರು ನಿಂತಿದ್ದರು. ಆ ಗಡಸು ಕಂಠ ಎಲ್ಲೋ ಇಳಿದುಹೋಗಿತ್ತು. "ತಪ್ಪು ತಿಳ್ಕೋಬೇಡಿಮ್ಮಾ," ಎಂದರು, ಅಲ್ಲಿಗೇ ನಿಂತರು. ಅಕ್ಕ ಅವರ ಮುಖವನ್ನೊಮ್ಮೆ ನೋಡಿ, ಪಕ್ಕದ ಸೂಚನಾ ಫಲಕದ ಕಡೆ ತಿರುಗಿ ರಜೆಯ ಪಟ್ಟಿ ಓದತೊಡಗಿದರು. ಆಗ ನಿರ್ದೇಶಕರು ಆ ಬೂದು ಬೆನ್ನಿಗೆ ಹೇಳಿದರು, "ತುಂಬಿದ ಕೋಣೆಗೆ ಕಾಲಿಡೋಕೆ ನನ್ನಿಂದ ಆಗಲ್ಲ. ಅದಕ್ಕೇ ಮೊದಲೇ ಬಂದು ಕೂತಿರ್ತೀನಿ. ಮೂವತ್ತು ವರ್ಷ ಆಯ್ತು."

ನಾನು ಸದ್ದು ಮಾಡದೆ ಹಿಂದಕ್ಕೆ ಹೆಜ್ಜೆಯಿಟ್ಟು ಕೋಣೆಯೊಳಗೇ ನಿಂತೆ, ಗೋಡೆಯ ಗಡಿಯಾರ ನೋಡುತ್ತ.

ಅಕ್ಕ ನಿವೃತ್ತರಾಗಿ ವರ್ಷಗಳಾದವು. ನಮ್ಮ ಮನೆಗೆ ಬಂದಾಗ ಈಗಲೂ ಬಾಗಿಲ ಹೊರಗೆ ಏಳರವರೆಗೆ ಎಣಿಸುತ್ತಾರೆ. ನಾನು ಒಳಗೆ ನಿಂತು ಅವರ ಜೊತೆಗೇ ಎಣಿಸಿ, ಎಂಟಕ್ಕೆ ಬಾಗಿಲು ತೆರೆಯುತ್ತೇನೆ. ಭಯವನ್ನು ಗೆದ್ದವರ ಕಥೆ ಲೋಕಕ್ಕೆ ಪ್ರಿಯ; ಗೆದ್ದವರು ನಮ್ಮಂಥವರ ಎದುರು ಬಂದು ನಿಂತು, ನಮ್ಮ ಕಣ್ಣನ್ನೇ ನೋಡುತ್ತ, ಹೆದರಬೇಡ ಎನ್ನುತ್ತಾರೆ, ನಾವು ಇನ್ನಷ್ಟು ಹೆದರುತ್ತೇವೆ. ಗೋಡೆಯಕ್ಕನ ಬಗೆಯವರು ಗೆಲ್ಲುವುದೇ ಇಲ್ಲ. ತಮ್ಮ ನಡುಕವನ್ನು ತಾವೇ ಹೊತ್ತುಕೊಂಡು, ಎದುರಿನವರಿಗೆ ಬೇಕಾದಾಗ ಎರಡು ನಿಮಿಷ ಮುಖ ತಿರುಗಿಸಿ ನಿಲ್ಲುತ್ತಾರೆ, ಅಷ್ಟೆ. ಹೆಂಗಸಾಗಲಿ ಗಂಡಸಾಗಲಿ, ನಮ್ಮಲ್ಲಿ ಎಷ್ಟೋ ಮಂದಿ ಬದುಕಿನಲ್ಲಿ ಮೊದಲ ಸಲ ನಿಜ ಬರೆದದ್ದು ಆ ಎರಡು ನಿಮಿಷದಲ್ಲೇ.