ಅಮ್ಮನನ್ನು ಕೇಳದೆ ಬಿಟ್ಟ ಪ್ರಶ್ನೆ

ಎರಡನೆಯ ಮಹಡಿಯ ತಿರುವಿನಲ್ಲಿ ತಾಯಿ ಮತ್ತೆ ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಕಳಚಿ ಕೊಡವುತ್ತಾ, "ಕಲ್ಲು ಸೇರ್ಕೊಂಡಿದೆ ಕಣೋ, ನೀನು ಮುಂದೆ ಹೋಗು" ಎಂದಳು. ತರಕಾರಿ ಚೀಲ ಹಿಡಿದು ನಿಂತಿದ್ದ ಮಗ ಚಪ್ಪಲಿಯತ್ತ ನೋಡಿದ. ಅದರಲ್ಲಿ ಕಲ್ಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಕೆಳಗಿನ ಮಹಡಿಯಲ್ಲೂ ಇದೇ ಕಲ್ಲು ಸಿಕ್ಕಿತ್ತು. ತಾಯಿಯ ತುಟಿ ಬಿಳಿಚಿಕೊಂಡಿತ್ತು, ಮಾತಿನ ನಡುವೆ ಏದುಸಿರು ಬರುತ್ತಿತ್ತು.

"ಮಾತ್ರೆ ತಗೋತಿದ್ದೀಯ ತಾನೇ?"

"ತಗೋತಿದ್ದೀನಪ್ಪ. ಈಗ ಊಟಕ್ಕಿಂತ ಮಾತ್ರೆನೇ ಜಾಸ್ತಿ."

ಕಳೆದ ತಿಂಗಳು ಆಸ್ಪತ್ರೆಯಲ್ಲಿ, ರಕ್ತ ಕಡಿಮೆಯಿದೆ ಎಂದು ಕೊಟ್ಟ ಮಾತ್ರೆಗಳವು. ಅರವತ್ತು ದಾಟಿದ ಹೆಂಗಸಿಗೆ ಹೀಗೇಕಾಯಿತು ಎಂದು ಡಾಕ್ಟರಮ್ಮ ಬಹಳ ಹೊತ್ತು ಪ್ರಶ್ನೆ ಕೇಳಿದ್ದರು. ಉತ್ತರವೆಲ್ಲ ಮಗನದೇ. ಈ ಊರಿನ ಭಾಷೆ ತಾಯಿಗೆ ಬಾರದು. ಸೊಸೆಗೆ ಅಂಗಡಿಯಲ್ಲಿ ಕೊಂಡು ತರಲು ಸಾಲುವಷ್ಟು ಬರುತ್ತದೆ. ಊರಿನ ಬಸ್ಸು ಓಡಿಸುವ ಮಗನಿಗೋ ಅದು ನೀರು ಕುಡಿದಷ್ಟು ಸಲೀಸು. ಬ್ಯಾಂಕಿಗೆ ಹೋಗಲಿ, ಮನೆ ಮಾಲೀಕ ಬರಲಿ, ಮನೆಯ ಬಾಯಿ ಅವನೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ತಾಯಿ ಹೆಮ್ಮೆಯಿಂದ ಹೇಳುತ್ತಿದ್ದಳು. ಆದರೆ ಆ ದಿನ ಆಸ್ಪತ್ರೆಯಿಂದ ಬರುವಾಗ, "ಆಯಮ್ಮ ಅಷ್ಟುದ್ದ ಮಾತಾಡಿದ್ರು, ನೀನು ಸುಸ್ತು ಅಷ್ಟೇ ಅಂದೆ. ಉಳಿದಿದ್ದೆಲ್ಲ ಎಲ್ಲಿ ಹೋಯ್ತು?" ಎಂದು ಕೇಳಿದ್ದಳು. ಅವನು ನಕ್ಕು ಅವಳನ್ನು ಬಸ್ಸು ಹತ್ತಿಸಿದ್ದ.

ಮನೆ ಸೇರಿದ ಮೇಲೆ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. "ಅತ್ತೆ ಈಚೆಗೆ ತಮ್ಮ ಬಟ್ಟೆ ತಾವೇ ಒಗೀತಿದ್ದಾರೆ ಕಣ್ರೀ. ನಾನು ಏಳೋದ್ರೊಳಗೆ ಒಣಗಾಕಿರ್ತಾರೆ. ಯಾಕತ್ತೆ ಅಂದ್ರೆ ಮಾತು ಹಾರಿಸ್ತಾರೆ. ಡಾಕ್ಟ್ರು ಎಲ್ಲಾ ವಿಚಾರಿಸಿದ್ರಾ?"

"ವಿಚಾರಿಸಿದ್ರು."

"ನೀವು ಅಷ್ಟೂ ಅತ್ತೆಗೆ ಹೇಳಿದ್ರಾ?"

ಅವನು ನೀರಿನ ಲೋಟ ಎತ್ತಿಕೊಂಡ. ಒಂದು ಪ್ರಶ್ನೆಯನ್ನು ಅವನು ತಾಯಿಗೆ ದಾಟಿಸಿರಲೇ ಇಲ್ಲ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಆಗುತ್ತಿದೆಯೇ ಎಂದು ಡಾಕ್ಟರು ಕೇಳಿದ್ದರು. ಹೆತ್ತ ತಾಯಿಯನ್ನು ಮಗ ಯಾವ ಬಾಯಲ್ಲಿ ಅದನ್ನು ಕೇಳಬೇಕು? ಅವನು ತಾಯಿಯತ್ತ ತಿರುಗಿ, "ಊಟ ಸೇರುತ್ತಾ ಅಂತಿದ್ದಾರೆ" ಎಂದಿದ್ದ. ಅವಳು ಇಲ್ಲವೆಂದು ತಲೆಯಾಡಿಸಿದ್ದಳು. ಅದನ್ನು ಕಣ್ಣಾರೆ ಕಂಡ ಡಾಕ್ಟರು ರಕ್ತಸ್ರಾವ ಇಲ್ಲ ಎಂದು ಬರೆದುಕೊಂಡಿದ್ದರು. ಆಗ ಅದು ಬಹಳ ಸಣ್ಣ ವಿಷಯ ಎನಿಸಿತ್ತು. ಈಗ ಹೆಂಡತಿಯ ಮಾತು ಕೇಳಿದ ಮೇಲೆ ಹಾಗೆನಿಸಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಸ ರಕ್ತಪರೀಕ್ಷೆಯ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ಕೊಟ್ಟ ಮೇಲೂ ಇಳಿದಿದೆ. ಏನೋ ನನ್ನ ಕಣ್ಣು ತಪ್ಪಿಸ್ತಿದೆ. ಇವತ್ತು ಫೋನಿನಲ್ಲಿ ದುಭಾಷಿಯನ್ನ ಕರೀತೀನಿ" ಎಂದು ಅವನಿಗೆ ತಮ್ಮ ಭಾಷೆಯಲ್ಲಿ ಹೇಳಿದರು.

"ನಾನಿದ್ದೀನಲ್ಲ ಡಾಕ್ಟ್ರೇ. ಮನೆ ವಿಷಯ ಹೊರಗಿನವರ ಕಿವಿಗೆ ಯಾಕೆ?"

"ನೀವು ಚೆನ್ನಾಗೇ ಮಾತಾಡ್ತೀರಿ. ಆದ್ರೆ ನೀವು ಮಗ. ಅದೇ ದೊಡ್ಡ ಕೆಲಸ, ಅದೊಂದನ್ನೇ ಮಾಡಿ."

ಮೇಜಿನ ಮೇಲಿನ ಫೋನಿನಿಂದ ನಡುವಯಸ್ಸಿನ ಹೆಂಗಸಿನ ದನಿ ಕೇಳಿತು. "ನಮಸ್ಕಾರ ಅಮ್ಮ. ಈ ಕೋಣೆಯಲ್ಲಿ ಯಾರು ಏನೇ ಅಂದ್ರೂ ಅದನ್ನ ಹಾಗೇ ಇನ್ನೊಬ್ಬರಿಗೆ ಹೇಳ್ತೀನಿ. ಒಂದು ಮಾತು ಸೇರಿಸಲ್ಲ, ಒಂದು ಮಾತು ಬಿಡಲ್ಲ. ಅವರು 'ನಾನು' ಅಂದ್ರೆ ನಾನೂ 'ನಾನು' ಅಂತಲೇ ಹೇಳ್ತೀನಿ. ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ."

ಮನೆಯವರನ್ನು ಬಿಟ್ಟು ಬೇರೊಬ್ಬರ ಬಾಯಲ್ಲಿ ಕನ್ನಡ ಕೇಳಿ ತಾಯಿಯ ಮುಖ ಅರಳಿತು. "ಮಕ್ಕಳೆಷ್ಟಮ್ಮ ನಿಂಗೆ?" ಎಂದಳು. ದನಿ ಅದನ್ನೂ ತಪ್ಪದೆ ದಾಟಿಸಿತು. ಡಾಕ್ಟರು ತಮ್ಮನ್ನೇ ಕೇಳಿದರೆಂದುಕೊಂಡು, ಇಬ್ಬರು ಎಂದರು. ಮೂವರೂ ನಕ್ಕರು. ಮಗನಿಗೆ ನಗು ಬರಲಿಲ್ಲ. ಪ್ರಶ್ನೆಗಳು ಒಂದೊಂದಾಗಿ ತಾನು ಬಿಟ್ಟ ಪ್ರಶ್ನೆಯತ್ತಲೇ ಬರುತ್ತಿವೆ ಎಂದು ಅವನಿಗೆ ಗೊತ್ತಿತ್ತು.

"ಹೋದ ಸಲ ಇಲ್ಲ ಅಂದಿದ್ರಿ. ಆದ್ರೂ ಇನ್ನೊಮ್ಮೆ ಕೇಳ್ತೀನಿ," ಡಾಕ್ಟರ ಮಾತನ್ನು ದನಿ ಕನ್ನಡಕ್ಕೆ ತಂದಿತು. "ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗ್ತಿದೆಯಾ?"

"ಹೋದ ಸಲ ಇದನ್ನ ಯಾರು ಕೇಳಿದ್ರು?" ಎಂದ ತಾಯಿ ಮಗನತ್ತ ನೋಡಿದಳು. ದನಿ ಅದನ್ನೂ ಡಾಕ್ಟರಿಗೆ ಮುಟ್ಟಿಸಿತು. ಈಗ ಡಾಕ್ಟರೂ ಅವನತ್ತ ತಿರುಗಿದರು.

ಅವನು ತಲೆತಗ್ಗಿಸಿ, ತಾಯಿಗೆ ತಿಳಿಯದಿರಲೆಂದು ಊರಿನ ಭಾಷೆಯಲ್ಲೇ, ಮೆಲ್ಲಗೆ ಒಂದಿಷ್ಟು ಹೇಳಿದ. ಫೋನಿನ ನಿಯಮ ಅವನಿಗೆ ಮರೆತೇಹೋಗಿತ್ತು. ಮರುಕ್ಷಣವೇ ಅದೇ ಮಾತು ಕನ್ನಡದಲ್ಲಿ, ಹೆಣ್ಣು ದನಿಯಲ್ಲಿ ಕೋಣೆಯನ್ನು ತುಂಬಿತು.

"ಹೋದ ಸಲ ನಾನು ಅಮ್ಮನ್ನ ಅದನ್ನ ಕೇಳಲೇ ಇಲ್ಲ ಡಾಕ್ಟ್ರೇ. ನಂಗೆ ನಾಚಿಕೆ ಆಯ್ತು. ಊಟ ಸೇರುತ್ತಾ ಅಂತ ಕೇಳಿ, ಅವಳು ತಲೆ ಆಡಿಸಿದ್ದನ್ನ ನೀವು ತಪ್ಪು ತಿಳಿದ್ರೂ ಸುಮ್ಮನಿದ್ದೆ. ತಪ್ಪು ನಂದು."

ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, "ನೀನು ಕೇಳಿದ್ರೂ ನಾನು ಹೇಳ್ತಿರಲಿಲ್ಲ ಬಿಡು ಮಗಾ. ಇಲ್ಲ ಅಂತ ಸುಳ್ಳೇ ಹೇಳ್ತಿದ್ದೆ" ಎಂದಳು. ಅವಳ ಕಣ್ಣು ಈಗಲೂ ನೆಲದ ಮೇಲಿತ್ತು.

ಮಗ ಎದ್ದ. "ನಾನು ಹೊರಗಿರ್ತೀನಮ್ಮ. ನೀನು ಎಲ್ಲಾ ಹೇಳು" ಎಂದು ಬಾಗಿಲು ಎಳೆದುಕೊಂಡು ಹೋದ.

ಹೊರಗಿನ ಬೆಂಚಿನ ಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗಿನ ಮಾತು ಬಿಡಿಸಿ ಕೇಳುತ್ತಿರಲಿಲ್ಲ, ತಾಯಿಯ ದನಿ ಮಾತ್ರ ಏಳುತ್ತಿತ್ತು, ಇಳಿಯುತ್ತಿತ್ತು. ಈ ಊರಿಗೆ ಬಂದಾಗಿನಿಂದ ಅವಳು ಹೊರಗಿನವರೊಂದಿಗೆ ಇಷ್ಟು ಹೊತ್ತು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಅವಳ ಬಾಯಾಗುತ್ತೇನೆಂದು ಹೊರಟು ಅವಳ ಬಾಯಿಗೇ ಬೀಗ ಹಾಕಿದ್ದೆ ಎನಿಸಿ ಸಂಕಟವಾಯಿತು. ಅದಕ್ಕಿಂತ ದೊಡ್ಡದಾಗಿ ಭಯವಾಯಿತು. ಒಂದು ತಿಂಗಳು ಸುಮ್ಮನೆ ಹೋಗಿತ್ತು.

ಒಳಗೆ ಕರೆದಾಗ ಡಾಕ್ಟರ ಮುಖ ಗಂಭೀರವಾಗಿತ್ತು. ಅವರು ಹೇಳಿ ಮುಗಿಸುತ್ತಿದ್ದಂತೆ ಮಗ ಅಭ್ಯಾಸಬಲದಿಂದ ಬಾಯಿ ಹಾಕಿದ. "ಏನಿಲ್ಲಮ್ಮ, ಸಣ್ಣದೊಂದು..."

ತಾಯಿ ಕೈ ಅಡ್ಡ ಹಿಡಿದಳು. "ಇರು. ಅವರೇ ಹೇಳ್ಲಿ."

"ಗರ್ಭಕೋಶದ ಪರೀಕ್ಷೆ ಆಗಬೇಕು," ಎಂದಿತು ದನಿ. "ಒಳಗಿಂದ ಒಂದು ಚೂರು ತೆಗೆದು ನೋಡ್ತೀವಿ. ಏನೂ ಇಲ್ಲದೇ ಇರಬಹುದು, ಕ್ಯಾನ್ಸರೂ ಇರಬಹುದು. ಈಗಲೇ ಹೇಳೋಕಾಗಲ್ಲ. ತಡ ಮಾಡೋದು ಬೇಡ, ನಾಳೆಯೇ ಬನ್ನಿ. ನಿಮ್ಮ ಒಪ್ಪಿಗೆ ಇದೆಯಾ ಅಮ್ಮ?"

ತಾಯಿ ಮಗನ ಕೈ ಹುಡುಕಿ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿದ್ದವು. "ಇದೆ. ಮಾಡ್ಲಿ" ಎಂದಳು.

ಹೊರಗಿನ ಕೌಂಟರಿನಲ್ಲಿ ನಾಳೆಯ ಸಮಯ ಗೊತ್ತುಮಾಡುತ್ತಾ ಗುಮಾಸ್ತೆ, "ಇವರ ಪರವಾಗಿ ಮಾತಾಡೋಕೆ ನೀವು ಬರ್ತೀರಾ?" ಎಂದು ಕೇಳಿದಳು.

"ಬರ್ತೀನಿ, ಜೊತೆಗಿರೋಕೆ. ಮಾತು ಅವರೇ ಆಡ್ತಾರೆ. ಆ ಫೋನ್ ಇರಲಿ."

ಮನೆಯ ಮೆಟ್ಟಿಲು ಹತ್ತುವಾಗ ಮೊದಲ ತಿರುವಿನಲ್ಲೇ ತಾಯಿ ಕೂತಳು. ಮಗ ಕೇಳಿದ, "ಮತ್ತೆ ಕಲ್ಲಾ ಅಮ್ಮ?"

"ಇಲ್ಲ ಕಣೋ. ಕೈಲಾಗ್ತಿಲ್ಲ. ಭಯಾನೂ ಆಗ್ತಿದೆ."

"ನಂಗೂ" ಎಂದ ಮಗ, ಆಸ್ಪತ್ರೆಯ ಕಾಗದಗಳಿದ್ದ ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ.