ಟೇಪು ಹಾಕಲಾ?

ಹಲ್ಲುಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅವಳು, "ತೋಳು ಹಿಡೀಲಾ?" ಎಂದು ಕೇಳಿದಳು. ದೊರೆ ಕೊಂಚ ಯೋಚಿಸಿ ಎಡತೋಳು ಚಾಚಿದ. ಕೋಟಿನ ತೋಳಿನ ಅಂಚು ಬಿಚ್ಚಿಹೋಗಿತ್ತು. ಶವದ ಗಾಡಿ ಹೊರಗೆ ಬಂದು ನಿಂತಾಗಿತ್ತು, ಗಾಡಿಯವನು ಹಾರ್ನ್ ಒತ್ತಿಯೂ ಆಗಿತ್ತು. ಆದರೆ ಟೇಪಕ್ಕನ ತಮ್ಮ ನೂಲು ಜೋತಾಡುವ ಕೋಟು ಹಾಕಿಕೊಂಡು ಅಕ್ಕನ ಮಣ್ಣಿಗೆ ಹೋದರೆ, ಪೆಟ್ಟಿಗೆಯಲ್ಲಿ ಮಲಗಿರುವವಳು ಎದ್ದು ಕೂತು ಬೈದಾಳು.

ದೊರೆಗೆ ನಲವತ್ತು ದಾಟಿತ್ತು, ತಲೆ ನರೆತಿತ್ತು. ಮನಸ್ಸು ಮಾತ್ರ ಆರೇಳು ವರ್ಷದ ಮಗುವಿನ ಹತ್ತಿರವೇ ಎಲ್ಲೋ ನಿಂತುಬಿಟ್ಟಿತ್ತು. ಅಕ್ಕ ಅವನನ್ನು ಮುದ್ದಿನಿಂದ ದೊರೆ ಎಂದಳು, ಬೀದಿಯೂ ಹಾಗೇ ಕರೆಯಿತು. ಅಕ್ಕನ ಕೊರಳಲ್ಲಿ ಹಗಲೆಲ್ಲ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಅವಳು ಟೇಪಕ್ಕ. ಈಗ ಅಂಚು ಹೊಲಿಯುತ್ತಿದ್ದವಳು ಮನೆಯ ಕೆಳಗಿನ ಟೇಪಕ್ಕನ ಹೊಲಿಗೆ ಅಂಗಡಿಯಲ್ಲೇ ಕೆಲಸ ಕಲಿತು, ಅಲ್ಲೇ ಅರ್ಧ ಪಾಲುದಾರಳಾದವಳು. ಮಾತು ಚುಚ್ಚುತ್ತದೆ ಅಂತ ಟೇಪಕ್ಕನೇ ಅವಳಿಗೆ ಸೂಜಿ ಎಂದು ಹೆಸರಿಟ್ಟಿದ್ದಳು.

"ನಿನ್ನೇನೂ ಶೂ ಹಾಕ್ಕೊಂಡೇ ಮಲಗಿದ್ನಾ?" ಪಕ್ಕದ ಬೇಕರಿಯಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಹೂಂ. ಬಿಚ್ಚು ಅಂದ್ರೆ ಮಂಚದ ಮೂಲೆಗೆ ಸರೀತಾನೆ."

"ಯಾವಾಗಿಂದ ಇದು?"

"ಖಜಾಂಚಿಗಳ ಮನೆಯಿಂದ ಬಂದಾಗಿಂದ."

ಬೇಕರಿಯಮ್ಮ ದೊರೆಯ ಶೂಗಳನ್ನು ದಿಟ್ಟಿಸಿದಳು. ಕಳೆದ ತಿಂಗಳು ಟೇಪಕ್ಕ ಎದೆನೋವು ಅಂತ ಆಸ್ಪತ್ರೆ ಸೇರಿದಾಗ ದೊರೆಯನ್ನು ತಮ್ಮ ಮನೆಗೆ ಕರೆದೊಯ್ದಿದ್ದು ಚರ್ಚಿನ ಖಜಾಂಚಿ. ಒಂಟಿ ಮನುಷ್ಯ, ದೊಡ್ಡ ಮನೆ, ಇನ್ನೂ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದ್ದರು. ಟೇಪಕ್ಕನೂ ಕೈ ಮುಗಿದಿದ್ದಳು. ಮನೆಗೆ ಮರಳಿದ ಮೊದಲ ರಾತ್ರಿಯೇ ಹೊದಿಕೆಯ ಕೆಳಗೆ ತಮ್ಮನ ಶೂ ಕಂಡವು, ಲೇಸಿಗೆ ಗಂಟಿನ ಮೇಲೆ ಗಂಟು. ಮರುದಿನ ಬಟ್ಟೆ ಕತ್ತರಿಸುತ್ತ ಅವಳು ಸೂಜಿಗೆ ಹೇಳಿದ್ದಳು: "ಇವನು ಇನ್ನು ಆ ಮನೆಗೆ ಹೋಗೋದು ಬೇಡ. ಹೆಸರೆತ್ತಿದ್ರೆ ಬೇಡ ಬೇಡ ಅಂತಾನೆ. ಯಾಕೆ ಅಂತ ನಾನು ಹಿಂಡಿ ಕೇಳಲ್ಲ, ಅದಕ್ಕೆ ಅಂತ ಕಲಿತವರಿದಾರೆ. ಸೋಮವಾರ ಠಾಣೆಗೆ ಕರ್ಕೊಂಡು ಹೋಗೋಣ, ನೀನೂ ಬಾ." ಭಾನುವಾರ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆ ಕಾಯುವ ಮೊದಲೇ ಅವಳ ಎದೆ ನಿಂತುಹೋಯಿತು.

ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಖಜಾಂಚಿಗಳೇ ಬಂದಿದ್ದರು, ಅತ್ತು ಕಣ್ಣು ಕೆಂಪಾಗಿತ್ತು.

"ಆಯ್ತೇನಮ್ಮ ಸೂಜಿ? ಅವನ ಬಟ್ಟೆ ಪೆಟ್ಟಿಗೆ ನನ್ನ ಕಾರಿಗೆ ಹಾಕ್ಸಿದೀನಿ. ಮಣ್ಣು ಮುಗಿಸ್ಕೊಂಡು ಹಾಗೇ ಮನೆಗೆ ಹೋಗಿಬಿಡ್ತೀವಿ, ಅಲ್ವೇನೋ ದೊರೆ?"

ದೊರೆ ಹೊಲಿಗೆ ಯಂತ್ರದ ಹಿಂದೆ ಹೋಗಿ ನಿಂತ. ಹೊಲಿಗೆ ಮುಗಿದಿರಲಿಲ್ಲ, ನೂಲು ಅವನಿಗೂ ಸೂಜಿಗೂ ನಡುವೆ ಬಿಗಿಯಾಗಿ ಎಳೆದುಕೊಂಡಿತು. ಸೂಜಿಗೆ ಹೇಳಬೇಕಾದ ಮಾತು ಗೊತ್ತಿತ್ತು. ಆದರೆ ಈ ಮನುಷ್ಯನ ಎದುರು, ಇವರೇ ಮಾಡಿದ ಉಪಕಾರದ ಎದುರು, ಬಾಯಿ ಬರಲಿಲ್ಲ. ನೂಲು ಕತ್ತರಿಸಿ, "ನಡೀರಿ, ಹೊತ್ತಾಯ್ತು" ಎಂದಷ್ಟೇ ಅಂದಳು. ಹೇಡಿ, ಎಂದು ತನ್ನನ್ನೇ ಬೈದುಕೊಳ್ಳುತ್ತ ಮೆಟ್ಟಿಲಿಳಿದಳು.

*

ಸೂಜಿಗೆ ಆಗ ಒಂಬತ್ತು ವರ್ಷ. ಚರ್ಚಿನಲ್ಲಿ ಹಾಡುವ ಮಕ್ಕಳಿಗೆಲ್ಲ ವರ್ಷಕ್ಕೊಮ್ಮೆ ಬಿಳಿ ನಿಲುವಂಗಿ ಹೊಲಿಯುವ ಕೆಲಸ ಟೇಪಕ್ಕನದು. ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಪ್ರತಿಯೊಬ್ಬರ ಎದುರೂ ಅವಳು ಮಂಡಿಯೂರಿ, ಅದೇ ಒರಟು ದನಿಯಲ್ಲಿ, "ಟೇಪು ಹಾಕಲಾ?" ಎಂದು ಕೇಳುತ್ತಿದ್ದಳು. ಹೂಂ ಅಂದರಷ್ಟೇ ಟೇಪು ಕೊರಳಿಂದ ಇಳಿಯುತ್ತಿತ್ತು. ಊರೆಲ್ಲ ಇದನ್ನು ಆಡಿಕೊಂಡು ನಗುತ್ತಿತ್ತು. ಒಮ್ಮೆ ಬಿಷಪ್ಪರಿಗೂ ಹಾಗೇ ಕೇಳಿದಳಂತೆ. ಅವರು ತಮಾಷೆಗೆ "ಬೇಡ" ಎಂದರಂತೆ. ಟೇಪಕ್ಕ ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟಳು, ಬಿಷಪ್ಪರು ಆ ವರ್ಷವೆಲ್ಲ ಮೊಣಕಾಲಿಗೆ ಬರುವ ನಿಲುವಂಗಿಯಲ್ಲೇ ಓಡಾಡಿದರು.

ಹಿಂದಿನ ವರ್ಷ ಟೇಪು ತಗುಲಿದರೆ ಕಚಗುಳಿಯಾಗಿ ಕಿಲಕಿಲ ನಗುತ್ತಿದ್ದ ಹುಡುಗಿ ಆ ವರ್ಷ, "ಬೇಡ" ಎಂದಳು.

"ಸರಿ," ಎಂದಳು ಟೇಪಕ್ಕ. ಟೇಪನ್ನು ಹುಡುಗಿಯ ಕೈಗೇ ಕೊಟ್ಟಳು. "ನೀನೇ ಹಿಡ್ಕೊ. ನಾನು ದೂರದಿಂದ ಓದ್ಕೋತೀನಿ."

ಓದಿಕೊಂಡಳು, ಮುಂದಿನ ಮಗುವಿನ ಕಡೆ ತಿರುಗಿದಳು. ಆದರೆ ಅವತ್ತು ಸಂಜೆ ಹುಡುಗಿಯ ಮನೆಗೆ ಬಂದಳು, ಮರುದಿನವೂ ಬಂದಳು. ಬಂದು ಅವರಮ್ಮನ ಜೊತೆ ಕಾಳು ಆರಿಸುತ್ತ ಸುಮ್ಮನೆ ಕೂರುತ್ತಿದ್ದಳು. ಮೂರನೆಯ ಸಂಜೆ ಹುಡುಗಿ ತಾನಾಗಿಯೇ ಬಂದು ಹಾಡು ಮೇಷ್ಟ್ರ ವಿಷಯ ಹೇಳಿದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಟೇಪಕ್ಕ ಮಾತ್ರ ಅಳಲಿಲ್ಲ. "ನೀನು ಹೇಳಿದ್ದು ನಾನು ನಂಬ್ತೀನಿ. ನಿನ್ನದೇನೂ ತಪ್ಪಿಲ್ಲ," ಎಂದು ಎದ್ದು, ಚಪ್ಪಲಿ ಮೆಟ್ಟಿ, ಅಮ್ಮ ಮಗಳಿಬ್ಬರನ್ನೂ ಕರೆದುಕೊಂಡು ನೆಟ್ಟಗೆ ಠಾಣೆಗೆ ಹೋದಳು.

ಚರ್ಚಿನ ದೊಡ್ಡವರು ಓಡೋಡಿ ಬಂದರು. ವಾರ್ಷಿಕೋತ್ಸವ ಮುಗಿಯಲಿ, ಆಮೇಲೆ ಒಳಗೊಳಗೇ ಮಾತಾಡೋಣ, ದೇವರ ಮನೆಯ ಮಾನ ಅಂದರು. ಕತ್ತರಿಸಿಟ್ಟ ಬಿಳಿ ಬಟ್ಟೆಯನ್ನೆಲ್ಲ ಅವಳು ಅವರ ಮಡಿಲಿಗೆ ಹಾಕಿದಳು. "ನಾನು ಹೊಲಿದ್ರೆ ಇದನ್ನ ಮಕ್ಕಳಿಗೆ ಉಡಿಸಿ ಅವನ ಮುಂದೆ ನಿಲ್ಲಿಸ್ತೀರಿ. ಹೊಲಿಯಲ್ಲ, ಹೋಗಿ."

ಬಹಳ ದಿನ ಅಂಗಡಿಗೆ ಚರ್ಚಿನವರು ಯಾರೂ ಕಾಲಿಡಲಿಲ್ಲ. ಅವಳು ದಾರಿಹೋಕರ ಪ್ಯಾಂಟು ಮಡಚಿ ಹೊಲಿದು ತಮ್ಮನನ್ನು ಸಾಕಿದಳು. ಅವಳ ಪರ ಸಭೆಯಲ್ಲಿ ಎದ್ದು ನಿಂತು ಮಾತಾಡಿದವರು ಒಬ್ಬರೇ, ಆಗಿನ್ನೂ ಹೊಸದಾಗಿ ಬಂದಿದ್ದ ಖಜಾಂಚಿ. ಹಾಡು ಮೇಷ್ಟ್ರು ಜೈಲಿಗೆ ಹೋದ ಮೇಲೆ ಮಕ್ಕಳ ಕೋಣೆಗಳ ಮರದ ಬಾಗಿಲುಗಳಿಗೆಲ್ಲ ಗಾಜು ಹಾಕಿಸಿದ್ದೂ ಅವರೇ. ದೊಡ್ಡವರೊಬ್ಬರೇ ಮಕ್ಕಳ ಜೊತೆ, ಅಶಕ್ತರ ಜೊತೆ ಇರಬಾರದು ಅನ್ನುವ ನಿಯಮಕ್ಕೆ ಮೊದಲು ಕೈ ಎತ್ತಿದ್ದೂ ಅವರೇ.

*

ಚರ್ಚು ತುಂಬಿತ್ತು. ಶವದ ಪೆಟ್ಟಿಗೆಯ ಮೇಲೆ ಯಾರೋ ಟೇಪು ಇಟ್ಟಿದ್ದರು. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ನಡೆದಿತ್ತು.

"ಗುಂಡಿ ಕಿತ್ತೋದ್ರೆ ಹೊಲೀತಿದ್ಲು, ಜೊತೆಗೆ ಗಂಟೆಗಟ್ಟಲೆ ಬೈತಿದ್ಲು."

"ನನ್ನ ಮದುವೆ ಬಟ್ಟೆ ಹೊಲ್ದು, ಹುಡುಗ ಸರಿಯಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ಲು. ಸರಿಯಾಗೇ ಹೇಳಿದ್ಲು, ಬಿಡು."

ಪ್ರಾರ್ಥನೆ ಮುಗಿದ ಮೇಲೆ ನಾಲ್ಕು ಮಾತಾಡಲು ಖಜಾಂಚಿಗಳು ಎದ್ದರು. ಚೆನ್ನಾಗಿಯೇ ಮಾತಾಡಿದರು. ಅವಳ ಸಿಟ್ಟನ್ನು ಹೇಳಿ ನಗಿಸಿದರು, ಅವಳ ಧೈರ್ಯವನ್ನು ಹೇಳಿ ಅಳಿಸಿದರು. ಕೊನೆಗೆ ದನಿ ತಗ್ಗಿಸಿ, "ಅವಳ ದೊಡ್ಡ ಚಿಂತೆ ಅಂದ್ರೆ ತಮ್ಮ. ಆ ಚಿಂತೆ ಅವಳಿಗೆ ಇನ್ನು ಬೇಡ. ಇವತ್ತಿಂದ ದೊರೆ ನನ್ನ ಮನೆಯವನು," ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ಇಂಥವರೊಬ್ಬರು ಇರಬೇಕಪ್ಪ ಎಂದು ಯಾರೋ ಗಟ್ಟಿಯಾಗಿಯೇ ಹೇಳಿದರು.

"ಬೇಡ," ಎಂದ ದೊರೆ.

ಮೊದಲ ಬೆಂಚಿನಿಂದ ಬಂದ ಮಾತು ಎಲ್ಲರಿಗೂ ಕೇಳಿಸಿತು. ಕೆಲವರು ಕನಿಕರದಿಂದ ನಕ್ಕರು.

"ಪಾಪ, ಅಕ್ಕನ್ನ ಕಳ್ಕೊಂಡಿದಾನೆ. ಅವನಿಗೇನು ಗೊತ್ತಾಗುತ್ತೆ," ಎಂದರು ಖಜಾಂಚಿಗಳು.

ಸೂಜಿ ಎದ್ದು ನಿಂತಳು. "ಅವನಿಗೆ ಗೊತ್ತಾಗಿದೆ. ಬೇಡ ಅಂದಿದಾನೆ."

"ಏನಮ್ಮಾ, ಇದು ಹೊತ್ತಲ್ಲ…"

"ನಂಗೆ ಒಂಬತ್ತು ವರ್ಷ ಇದ್ದಾಗ್ಲೂ ಹೊತ್ತಲ್ಲ ಅಂದಿದ್ರು. ಟೇಪಕ್ಕ ಕೇಳ್ಲಿಲ್ಲ."

ಖಜಾಂಚಿಗಳ ಮುಖದ ಬಣ್ಣ ಬದಲಾಯಿತು. "ಯಾರ ಹತ್ತಿರ ಮಾತಾಡ್ತಿದೀಯ ಅನ್ನೋದು ನೆನಪಿರಲಿ. ಈ ಬಾಗಿಲುಗಳಿಗೆ ಗಾಜು ಹಾಕಿಸಿದ್ದು ಯಾರು?"

"ನೀವೇ. ನಾನು ಮರೆತಿಲ್ಲ, ಸಾಯೋವರೆಗೂ ಮರೆಯಲ್ಲ. ನೀವೇ ಕೈ ಎತ್ತಿದ ನಿಯಮ ನಿಮಗೂ ಇದೆ ತಾನೆ? ಒಬ್ಬರೇ ಇರೋ ಮನೆಗೆ ಅವನನ್ನ ಯಾರೂ ಕರ್ಕೊಂಡು ಹೋಗೋ ಹಾಗಿಲ್ಲ. ಕಳೆದ ತಿಂಗಳೂ ಹೋಗೋ ಹಾಗಿರ್ಲಿಲ್ಲ. ನಾವೆಲ್ಲ ನಿಮ್ಮನ್ನ ನೋಡಿ ನಿಯಮ ಮರೆತ್ವಿ."

"ಯಾಕೆ ಬೇಡ ಅಂತ ಅವನೇ ಹೇಳ್ಲಿ!" ಖಜಾಂಚಿಗಳು ದೊರೆಯ ಕಡೆ ಒಂದು ಹೆಜ್ಜೆ ಇಟ್ಟರು. "ಹೇಳೋ, ನಾನೇನು ಮಾಡಿದೀನಿ ನಿಂಗೆ?"

ದೊರೆ ಎರಡೂ ಕಾಲುಗಳನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡು, ಶೂಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ನೋಡಿದವರೆಲ್ಲರಿಗೂ ಅದು ಕಂಡಿತು. ಬೇಕರಿಯಮ್ಮ, ಜನ್ಮದಲ್ಲಿ ಚರ್ಚಿನಲ್ಲಿ ಬಾಯಿ ತೆರೆಯದವಳು, ಬೆಂಚಿನಿಂದ ಎದ್ದು ಬಂದು ದೊರೆಯ ಮುಂದೆ ಗೋಡೆಯ ಹಾಗೆ ನಿಂತಳು. "ಇಲ್ಲಿ ಅವನನ್ನ ಯಾರೂ ಏನೂ ಕೇಳೋದು ಬೇಡ," ಎಂದಳು. "ಅದಕ್ಕೆ ಅಂತ ಕಲಿತವರಿದಾರಂತೆ."

ಈಗ ಎಲ್ಲರೂ ಪಾದ್ರಿಯತ್ತ ನೋಡಿದರು. ಬಂದು ಒಂದು ವರ್ಷವಾಗದ ತೆಳ್ಳಗಿನ ಮನುಷ್ಯ. ಅವರು ತಂಗಿದ್ದ ಮನೆಯ ಮಾಡು ಸೋರುತ್ತಿದ್ದಾಗ ಹೆಂಚು ಹಾಕಿಸಿದ್ದೂ ಖಜಾಂಚಿಗಳೇ. ಪಾದ್ರಿ ಪೀಠದಿಂದ ಇಳಿದು ಬಂದು, ದೊರೆಗೆ ಕೈಗೆಟುಕದಷ್ಟು ದೂರದಲ್ಲಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು.

"ಅವರ ಮನೆಗೆ ಹೋಗ್ತೀಯಾ, ದೊರೆ?"

"ಬೇಡ."

"ಸರಿ. ಹೋಗೋದು ಬೇಡ."

ಎದ್ದು ನಿಂತು ಅವರು ಖಜಾಂಚಿಗಳಿಗೆ ಕೈ ಚಾಚಿದರು. "ಮಕ್ಕಳ ಕೋಣೆಗಳ ಬೀಗದ ಕೈ ಕೊಡಿ."

"ಫಾದರ್, ಇವಳ ಮಾತು ಕಟ್ಕೊಂಡು ನೀವು…"

"ನಾನು ಯಾರನ್ನೂ ತಪ್ಪಿತಸ್ಥ ಅಂತಿಲ್ಲ. ಅದನ್ನ ತೀರ್ಮಾನ ಮಾಡೋ ಅಧಿಕಾರ ನನಗೂ ಇಲ್ಲ, ಈ ಸಭೆಗೂ ಇಲ್ಲ. ಮಣ್ಣು ಮುಗಿದ ಕೂಡಲೇ ಠಾಣೆಗೆ ನಾನೇ ಹೋಗ್ತೀನಿ, ನಾಳೆಗೆ ಇಡಲ್ಲ. ಅವರು ವಿಚಾರಿಸಿ ಮುಗಿಸೋವರೆಗೆ ಕೀ ನಿಮ್ಮ ಹತ್ರ ಇರೋ ಹಾಗಿಲ್ಲ. ಅವನ ಬಟ್ಟೆ ಪೆಟ್ಟಿಗೇನೂ ಕಾರಿಂದ ಇಳಿಸಿ."

ಖಜಾಂಚಿಗಳು ಸುತ್ತ ನೋಡಿದರು. ಎಷ್ಟೋ ವರ್ಷಗಳಿಂದ ಅವರು ನೋಡಿದ ಕಡೆಯಲ್ಲೆಲ್ಲ ತಲೆಗಳು ಅಲ್ಲಾಡುತ್ತಿದ್ದವು. ಇವತ್ತು ಕೆಲವರು ಕಣ್ಣು ತಪ್ಪಿಸಿದರು, ಹೆಚ್ಚಿನವರು ತಪ್ಪಿಸಲಿಲ್ಲ. ಬೀಗದ ಕೈಗಳ ಗೊಂಚಲನ್ನು ಅವರು ಬೆಂಚಿನ ಮೇಲೆ ಎಸೆದು ಹೊರಗೆ ನಡೆದರು.

ಸೂಜಿ ಕೂತಳು. ಅವಳಿಗೆ ಅಳು ಬಂತು. ಟೇಪಕ್ಕನಿಗಾಗಿ ಎರಡು ದಿನದಿಂದ ಬಾರದಿದ್ದ ಅಳು ಈಗ ಒಟ್ಟಿಗೇ ಬಂತು, ಅವಳು ಅದನ್ನು ತಡೆಯಲೂ ಇಲ್ಲ.

*

ಮಣ್ಣು ಮುಗಿಸಿ, ಠಾಣೆಗೂ ಹೋಗಿ ಅವರು ಅಂಗಡಿಗೆ ಮರಳುವಾಗ ಸಂಜೆಯಾಗಿತ್ತು. ಅಂಗಡಿಯ ಮೇಲಿನದೇ ದೊರೆಯ ಮನೆ. ಠಾಣೆಯ ಅಧಿಕಾರಿ ಹೆಂಗಸು ನಾಳೆ ಬೆಳಿಗ್ಗೆ ಬರುತ್ತೇನೆಂದು ಹೇಳಿದ್ದಳು, ಅವನಿಗೆ ಗುರುತಿರುವ ಜಾಗದಲ್ಲೇ ಮಾತಾಡೋಣ ಎಂದಿದ್ದಳು. ಅಲ್ಲಿಯವರೆಗೆ ಸೂಜಿಯೂ ಬೇಕರಿಯಮ್ಮನೂ ಇಬ್ಬರೂ ಜೊತೆಗಿರುವುದೆಂದು ಆಯಿತು. ಆಮೇಲಿನ ದಿನಗಳಿಗೂ ಬೇಕರಿಯಮ್ಮನ ತಲೆಯಲ್ಲಿ ಆಗಲೇ ಒಂದು ಏರ್ಪಾಡಿತ್ತು, ಯಾರೂ ಕೇಳದಿದ್ದರೂ ಅದನ್ನು ದಾರಿಯುದ್ದಕ್ಕೂ ಹೇಳಿದ್ದಳು.

ದೊರೆ ಮುಂದೆ ಹತ್ತಿದ. ಹಿಂದೆ ಬಿಸಿ ಸಾರಿನ ಪಾತ್ರೆ ಹಿಡಿದು ಬೇಕರಿಯಮ್ಮ, ಹೊದಿಕೆ ಹೊತ್ತು ಸೂಜಿ, ಬಟ್ಟೆಯ ಪೆಟ್ಟಿಗೆ ಎತ್ತಿಕೊಂಡು ಪಾದ್ರಿ.

ಬಾಗಿಲ ಹತ್ತಿರ ಅವನು ತಿರುಗಿದ. ಮೂವರನ್ನೂ ನೋಡಿ, "ಬೇಡ," ಎಂದ.

ಮೂವರೂ ನಿಂತರು.

"ಕೆಳಗೆ ಹೋಗಿ."

ಪಾದ್ರಿ ಪೆಟ್ಟಿಗೆ ಸಂಭಾಳಿಸಿಕೊಂಡು ಒಂದು ಮೆಟ್ಟಿಲು ಹಿಂದಕ್ಕೆ ಇಳಿದರು. ಸೂಜಿ ಇಳಿದಳು, ಸಾರು ತುಳುಕದ ಹಾಗೆ ನೋಡಿಕೊಂಡು ಬೇಕರಿಯಮ್ಮನೂ ಇಳಿದಳು.

ದೊರೆಗೆ ಆಶ್ಚರ್ಯವಾಯಿತು. ಅವನು ಕೊಂಚ ಕಾದು ನೋಡಿದ. "ಇನ್ನೂ ಕೆಳಗೆ."

ಇನ್ನೂ ಕೆಳಗಿಳಿದರು.

"ಇನ್ನೂ!" ಈಗ ಅವನ ದನಿಯಲ್ಲಿ ನಗು ಸೇರಿಕೊಂಡಿತ್ತು.

"ನಂಗೆ ಮಂಡಿ ನೋವಪ್ಪ," ಎಂದು ಗೊಣಗುತ್ತಲೇ ಬೇಕರಿಯಮ್ಮ ಇಳಿದಳು. ಒಬ್ಬರ ಹಿಂದೊಬ್ಬರು, ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು, ಕಣ್ಣು ಅವನ ಮೇಲಿಟ್ಟು, ಮೂವರು ದೊಡ್ಡವರು ಬೀದಿಯ ಬಾಗಿಲವರೆಗೂ ಇಳಿದು ನಿಂತರು. ಮೇಲೆ, ದೀಪದ ಕೆಳಗೆ, ನರೆತಲೆಯ ಆ ಮನುಷ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವರನ್ನು ಕಣ್ತುಂಬ ನೋಡಿದ. ಆಮೇಲೆ ಮೇಲಿನ ಮೆಟ್ಟಿಲ ಮೇಲೆ ಆರಾಮಾಗಿ ಕೂತು, ಬೆರಳು ಚಾಚಿ ಸಾರಿನ ಪಾತ್ರೆ ತೋರಿಸಿದ.

"ಅದು ಬೇಕು," ಎಂದ. "ಸೂಜಿ ತರ್ಲಿ."