ಎರಡು ಕಡೆಗೂ ಹತ್ತು ಮೀಟರ್

ಮಾವನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ನೆರೆ ಬಂದು ಐದು ದಿನವಾಗಿತ್ತು. ಎರಡು ಸರದಿ ತಪ್ಪಿಹೋಗಿತ್ತು.

ನಮ್ಮದು ಮೇಲಿನ ಮನೆ. ಕೆಳಗೆ ಮಾವನ ಟೈಲರ್ ಅಂಗಡಿ. ಅದರ ಬಾಗಿಲ ಅರ್ಧದವರೆಗೆ ನೀರು. ಮೊದಲ ದಿನವೇ ನಾವಿಬ್ಬರೂ ಸೇರಿ ಹೊಲಿಗೆ ಮಷಿನನ್ನು ಮೆಟ್ಟಿಲ ಮೇಲೆ ಎಳೆದುಕೊಂಡಿದ್ದೆವು. ಆಮೇಲೆ ಅವರಿಂದ ಏನೂ ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೆ ಕುರ್ಚಿಯಲ್ಲೇ ಕೂತಿರುತ್ತಿದ್ದರು. ಪಾದ ಊದಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು.

"ಊರೆಲ್ಲ ನೀರು. ನನಗೆ ಮಾತ್ರ ದಿನಕ್ಕೆ ಎರಡೇ ಲೋಟ," ಎಂದರು ಬೆಳಿಗ್ಗೆ. ನಗಲು ಹೋಗಿ ಕೆಮ್ಮಿದರು.

ಕರೆಂಟು, ಫೋನು ಎರಡೂ ಇರಲಿಲ್ಲ. ದೊಡ್ಡ ರಸ್ತೆಯಲ್ಲಿ ಬೋಟು ಹಾದುಹೋಗುವುದು ನಮ್ಮ ತಾರಸಿಗೆ ಕಾಣುತ್ತಿತ್ತು. ಕೆಂಪು ಹೊದಿಕೆ ಬೀಸಿ ಕೂಗಿದೆ. ಬೋಟಿನವನು ಕೈಯಾಡಿಸಿ, "ಪಟ್ಟಿಯಲ್ಲಿರೋ ಮನೆಗೆ ಮಾತ್ರ ಅಮ್ಮಾ. ಕಂಟ್ರೋಲ್ ರೂಮಿಗೆ ಹೇಳಿ, ಬರ್ತೀವಿ," ಎಂದ. ಹೇಗೆ ಹೇಳುವುದೆಂದು ಕೇಳುವಷ್ಟರಲ್ಲಿ ತಿರುವು ದಾಟಿದ್ದ.

ಹೇಗೆಂದು ನನಗೆ ಗೊತ್ತಿತ್ತು. ನನ್ನ ಗಂಡ ಹ್ಯಾಮ್ ಆಗಿದ್ದ. ಹವ್ಯಾಸಿ ರೇಡಿಯೊದವರಿಗೆ ಹಾಗೆನ್ನುತ್ತಾರೆ. ಹಿಂದಿನ ಎರಡು ನೆರೆಗಳಲ್ಲಿ ಕಂಟ್ರೋಲ್ ರೂಮಿನ ಪಟ್ಟಿಗೆ ಹೆಸರು ಮುಟ್ಟಿಸಿದವರಲ್ಲಿ ಅವನೂ ಒಬ್ಬ. ಹೋದ ವರ್ಷ ಆಫೀಸಿನ ಬಸ್ಸಿನಲ್ಲಿ ಕೂತಲ್ಲೇ ತೀರಿಹೋದ. ಮೂವತ್ತನಾಲ್ಕು ವಯಸ್ಸು. ತಿಂಗಳಾದ ಮೇಲೆ ಅವನ ಕ್ಲಬ್ಬಿನವರು ಬಂದಾಗ, ತಾರಸಿಯ ಮೇಲಿದ್ದ ಕಂಬ, ಆಂಟೆನಾ ಎಲ್ಲ ಬಿಚ್ಚಿಕೊಂಡು ಹೋಗಿ ಎಂದಿದ್ದೆ. ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅದನ್ನು ನೋಡಬೇಕಾಗುತ್ತಿತ್ತು. ರೇಡಿಯೊ ಮಾತ್ರ ಬೀರುವಿನಲ್ಲಿ ಉಳಿಯಿತು.

ಅದನ್ನು ಹೊರತೆಗೆದು, ನೀರು ಏರುವ ಮೊದಲೇ ಬಿಚ್ಚಿ ತಂದಿದ್ದ ಅವನ ಸ್ಕೂಟರಿನ ಬ್ಯಾಟರಿಗೆ ಜೋಡಿಸಿದೆ. ದೀಪ ಹತ್ತಿತು. ಆಂಟೆನಾ ಇರಲಿಲ್ಲ.

ಆಂಟೆನಾ ಎಂದರೆ ಎರಡು ತುಂಡು ತಂತಿ ಅಷ್ಟೇ ಎಂದು ಅವನು ಹೇಳುತ್ತಿದ್ದ. ನಡುವೆ ಕೇಬಲ್ಲಿನ ತುದಿ, ಅದರ ಎರಡು ಕಡೆಗೂ ಹತ್ತು ಹತ್ತು ಮೀಟರ್ ತಂತಿ, ಮುಗಿಯಿತು. ಲೆಕ್ಕ ನನಗೆ ಬರುತ್ತದೆ, ಓದಿದ್ದು ಅದನ್ನೇ. ಟಿವಿಯ ಕೇಬಲ್ ಕಿತ್ತೆ. ಮನೆಯ ಉದ್ದಕ್ಕೂ ಹೋಗಿದ್ದ ಕರೆಗಂಟೆಯ ಜೋಡಿ ತಂತಿಯನ್ನು ಎಳೆದು ಒಂಟಿಯಾಗಿ ಸೀಳಿದೆ.

"ಅಳತೆಗೆ ನನ್ನ ಟೇಪ್ ತಗೋ," ಎಂದರು ಮಾವ. "ತುದಿಗೆ ಏನು ಹಾಕ್ತೀಯ? ತಂತೀನ ಗೋಡೆಗೆ ತಾಗಿಸಬಾರದು ಅಂತಿದ್ದ ಅವನು."

"ಪ್ಲಾಸ್ಟಿಕ್ಕಿನದು ಏನಾದ್ರೂ ಬೇಕು ಮಾವ."

"ಡಬ್ಬದಲ್ಲಿ ಕೋಟಿನ ಗುಂಡಿ ಇವೆ. ದೊಡ್ಡವು, ನಾಲ್ಕು ತೂತಿನವು. ಇನ್ನು ಯಾರು ಕೋಟು ಹೊಲಿಸ್ತಾರೆ."

ತಂತಿಯನ್ನು ತಾರಸಿಯ ಮೇಲೆ ಹಾಸಿ ಅಳೆದೆ. ಟೇಪಿನ ಹಿತ್ತಾಳೆ ತುದಿಯನ್ನು ತಂತಿಯ ತುದಿಗಿಟ್ಟು, ನೂರೈವತ್ತರ ಗೆರೆಗೆ ಉಗುರಿನಿಂದ ಗುರುತು ಮಾಡಿ, ಅಲ್ಲಿಂದ ಮತ್ತೆ. ಹೀಗೆ ಆರು ಸಲ, ಏಳನೆಯ ಸಲಕ್ಕೆ ನೂರು. ಹತ್ತು ಮೀಟರ್. ಕತ್ತರಿಸಿದೆ. ಇನ್ನೊಂದನ್ನೂ ಹಾಗೆಯೇ. ಗುಂಡಿಯ ಒಂದು ತೂತಿಗೆ ತಂತಿ, ಇನ್ನೊಂದಕ್ಕೆ ನೈಲಾನ್ ಹಗ್ಗ.

ನೆಲ ಒರೆಸುವ ಕೋಲನ್ನು ನೀರಿನ ಟ್ಯಾಂಕಿಗೆ ನಿಲ್ಲಿಸಿ ಕಟ್ಟಿ, ಅದರ ತಲೆಗೆ ಕೇಬಲ್ಲನ್ನೂ ಎರಡು ತಂತಿಗಳನ್ನೂ ಸಿಕ್ಕಿಸಿದೆ. ಒಂದು ತಂತಿ ಹಿಂದಿನ ಗೋಡೆಯ ಮೊಳೆಗೆ. ಇನ್ನೊಂದು ಓಣಿ ದಾಟಿ ಎದುರುಮನೆಗೆ ಹೋಗಬೇಕಿತ್ತು. ಅಲ್ಲಿ ಡ್ರಾಯಿಂಗ್ ಟೀಚರ್ ಒಬ್ಬರೇ ಇರುವುದು. ತಮ್ಮ ತಾರಸಿಯಲ್ಲಿ ಕೊಡೆ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಟೀಚರ್, ಹಗ್ಗ ಎಸೀತೀನಿ, ಕಂಬಿಗೆ ಕಟ್ತೀರಾ?"

"ಮತ್ತೆ ಶುರುವಾಯ್ತಾ? ನಿನ್ನ ಗಂಡ ಇದ್ದಾಗ ನಮ್ಮ ಟಿವಿಯೊಳಗೇ ಕೂತು ಮಾತಾಡ್ತಿದ್ದ. ವಾರ್ತೆ ಮಧ್ಯೆ ಹಲೋ ಹಲೋ. ಎಸಿ, ಎಸಿ."

ನಾಲ್ಕನೆಯ ಸಲಕ್ಕೆ ಹಿಡಿದರು. "ಟೈಲರ್ ಹೇಗಿದ್ದಾರೆ?" ಎಂದು ಕೇಳಿದರು. ನಾನು ಅಡ್ಡಡ್ಡ ತಲೆಯಾಡಿಸಿದೆ. ಅವರು ಗಂಟನ್ನು ಇನ್ನೊಂದು ಸುತ್ತು ಬಿಗಿದರು.

ಮೆಟ್ಟಿಲ ಮಾಡಿನಡಿ ಇಟ್ಟಿದ್ದ ರೇಡಿಯೊಗೆ ಕೇಬಲ್ ಸಿಕ್ಕಿಸಿ, ನೆರೆಯಲ್ಲಿ ಅವನು ಹಿಡಿಯುತ್ತಿದ್ದ ಅಂಕಿಗೆ ತಿರುಗಿಸಿದೆ. ಕಂಟ್ರೋಲ್ ರೂಮಿನ ದನಿ ಸ್ಪಷ್ಟವಾಗಿ ಕೇಳಿಸಿತು, ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ. ಯಾವುದೋ ಬೀದಿಯ ಬಾಣಂತಿ, ಇನ್ಯಾವುದೋ ಮನೆಯ ಕಾಲು ಮುರಿದ ಮುದುಕ, ಒಂದೊಂದೇ ಹೆಸರು ಪಟ್ಟಿಗೆ ಸೇರುತ್ತಿತ್ತು. ಬಿಡುವು ಸಿಕ್ಕಾಗ ಮೈಕಿನ ಗುಂಡಿ ಒತ್ತಿ ಕರೆದೆ. ಯಾರೂ ಓಗೊಡಲಿಲ್ಲ. ಮತ್ತೆ ಕರೆದೆ. ಆ ದನಿ ನನ್ನನ್ನು ದಾಟಿ ಮುಂದಿನ ಹೆಸರಿಗೆ ಹೋಯಿತು.

ರೇಡಿಯೊದ ಮುಖದಲ್ಲಿ ಸಣ್ಣ ಮಾಪಕವೊಂದಿದೆ. ನಾವು ಕಳಿಸಿದ ಶಕ್ತಿ ಆಂಟೆನಾದಿಂದ ಹೊರಗೆ ಹೋಗದೆ ವಾಪಸಾದರೆ ಅದರ ಗೆರೆಗಳು ಏರುತ್ತವೆ. ಎರಡರೊಳಗಿರಬೇಕು. ನಾಲ್ಕು ದಾಟಿತ್ತು. ಹಾಗಾದಾಗ ರೇಡಿಯೊ ತನ್ನನ್ನು ಉಳಿಸಿಕೊಳ್ಳಲು ತಾನೇ ದನಿ ತಗ್ಗಿಸಿಕೊಳ್ಳುತ್ತದೆ. ನನ್ನ ಮಾತು ತಾರಸಿಯನ್ನೇ ದಾಟುತ್ತಿರಲಿಲ್ಲ.

ಗಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಸೆದೆ. ಏನೂ ಬದಲಾಗಲಿಲ್ಲ. ಕೂತು ಯೋಚಿಸಿದೆ. ಪ್ಲಾಸ್ಟಿಕ್ ಹೊದಿಕೆ ಇರುವ ತಂತಿ ಅಳತೆಗಿಂತ ಉದ್ದವಿದ್ದಂತೆ ವರ್ತಿಸುತ್ತದೆ ಎಂದು ಅವನು ಹೇಳಿದ್ದ. ಹಾಗಾದರೆ ತಂತಿ ಉದ್ದವಾಗಿದೆ. ಎರಡು ಕಡೆಯೂ ಇಪ್ಪತ್ತು ಸೆಂಟಿಮೀಟರ್ ಕತ್ತರಿಸಿದೆ.

ಗೆರೆ ಆರಕ್ಕೆ ಏರಿತು.

ಬ್ಯಾಟರಿ ಇಳಿಯುತ್ತಿತ್ತು. ಕೈ ನಡುಗುತ್ತಿರಲಿಲ್ಲ. ಒಂದು ವರ್ಷದಿಂದ ನನಗೆ ಏನೂ ಆಗುವುದಿಲ್ಲ. ಅನ್ನ ಕುದಿಯುವುದನ್ನು ನೋಡುವ ಹಾಗೆ ಎಲ್ಲವನ್ನೂ ನೋಡುತ್ತೇನೆ. ಕೆಳಗಿನಿಂದ ಮಾವನ ಉಸಿರು ಕೇಳಿಸುತ್ತಿತ್ತು, ಒದ್ದೆ ಬಟ್ಟೆಯನ್ನು ಎಳೆದಾಡಿದಂತೆ. ಇವರೂ ಹೋಗುತ್ತಾರೆ, ನಾನು ನೋಡುತ್ತಾ ನಿಂತಿರುತ್ತೇನೆ ಎಂದುಕೊಂಡೆ. ಟೀಚರ್‌ಗೆ ಹಗ್ಗ ಬಿಡಿಸಲು ಹೇಳಿ, ತಂತಿ ಬಿಚ್ಚಿಕೊಂಡು ಇಳಿದು ಬಂದೆ. ಇನ್ನಷ್ಟು ಕತ್ತರಿಸುವ ಮೊದಲು ಒಮ್ಮೆ ಅಳೆದು ನೋಡೋಣವೆಂದು ಅವರ ಕುರ್ಚಿಯ ಮುಂದೆ ಕೂತು ಟೇಪ್ ಹಿಡಿದೆ.

ಮಾವ ಅರೆಗಣ್ಣಿನಲ್ಲಿ ನೋಡುತ್ತಿದ್ದರು.

"ಅಲ್ಲಿಂದ ಅಲ್ಲ," ಎಂದರು.

"ಏನು ಮಾವ?"

"ಐದರಿಂದ ಹಿಡಿ."

ನನಗೆ ಅರ್ಥವಾಗಲಿಲ್ಲ. ಅವರು ಕೈ ಚಾಚಿ ಟೇಪಿನ ತುದಿ ತೋರಿಸಿದರು. ತುದಿ ಹರಿದು ಎಷ್ಟೋ ವರ್ಷವಾಗಿತ್ತಂತೆ. ಹರಿದದ್ದನ್ನು ಕತ್ತರಿಸಿ, ಅದೇ ಹಿತ್ತಾಳೆ ಚೂರನ್ನು ಮತ್ತೆ ಬಡಿದು ಕೂರಿಸಿದ್ದರು. ಆ ತುದಿಯ ಅಂಕಿಗಳು ಅವರ ಹೆಬ್ಬೆರಳಿಗೇ ಸವೆದುಹೋಗಿದ್ದವು. ಟೇಪು ಶುರುವಾಗುವುದೇ ಐದರಿಂದ. ಅವರು ಪ್ರತಿ ಅಳತೆಗೂ ಐದು ಕಳೆದುಕೊಳ್ಳುತ್ತಿದ್ದರು, ಯೋಚಿಸದೆಯೇ.

"ಹೇಳಬೇಕಿತ್ತಲ್ಲ ಮಾವ."

"ಈ ಟೇಪನ್ನ ನನ್ನ ಬಿಟ್ಟು ಇನ್ಯಾರು ಮುಟ್ಟಿದ್ದಾರೆ? ಹೇಳಿಕೊಡೋದಿದೆ ಅಂತಲೇ ಗೊತ್ತಿರಲಿಲ್ಲ." ಉಸಿರೆಳೆದುಕೊಂಡರು. "ಇಷ್ಟು ಓದಿದೀಯ, ಮೊದಲ ಅಂಕಿ ನೋಡಲಿಲ್ವಾ?"

ನೋಡಿರಲಿಲ್ಲ. ಏಳು ಸಲ ಅಳೆದಿದ್ದೆ, ಸಲಕ್ಕೆ ಐದರಂತೆ ಮೂವತ್ತೈದು. ಅದರ ಮೇಲೆ ನಾನೇ ಕೈಯಾರೆ ಕತ್ತರಿಸಿದ್ದು ಇಪ್ಪತ್ತು. ತಂತಿ ಉದ್ದವಾಗಿರಲಿಲ್ಲ, ಗಿಡ್ಡವಾಗಿತ್ತು.

"ಗಿಡ್ಡ ಆದ್ರೆ ಏನಂತೆ, ಅಂಚು ಕೊಟ್ಟು ಹೊಲಿ," ಎಂದರು.

"ತಂತಿ ಮುಗಿದಿದೆ."

ಅವರು ಮಷಿನಿನ ಕಡೆ ನೋಡಿದರು. ಅದರ ದೀಪಕ್ಕೆ ಒಂದು ಮೊಳಕ್ಕಿಂತ ಹೆಚ್ಚೇ ತಂತಿಯಿತ್ತು, ಜೋಡಿ ಎಳೆಯದು.

"ಕೀಳು. ಕತ್ತಲಲ್ಲಿ ಹೊಲಿದೂ ಗೊತ್ತಿದೆ ನನಗೆ."

ಅದನ್ನು ಸೀಳಿ ಎರಡು ತುದಿಗಳಿಗೂ ಹೊಸೆದೆ. ತಲಾ ಐವತ್ತೈದು ಸೆಂಟಿಮೀಟರ್, ಐದರಿಂದ ಹಿಡಿದು ಅಳೆದು. ಟೀಚರ್ ಈ ಸಲ ಮೊದಲ ಎಸೆತಕ್ಕೇ ಹಿಡಿದರು.

ಗೆರೆ ಒಂದೂವರೆಯಲ್ಲಿ ನಿಂತಿತು.

ನನಗೆ ಲೈಸೆನ್ಸ್ ಇಲ್ಲ. ಅವನ ಪಕ್ಕ ಕೂತು ಕೇಳಿದ್ದಷ್ಟೇ. ತುರ್ತಿಗೆ ಯಾರು ಬೇಕಾದರೂ ಮಾತಾಡಬಹುದು, ಆದರೆ ಯಾರೆಂದು ಹೇಳಿಕೊಳ್ಳುವುದು? ಹೆಸರಿನ ಬದಲು ಹ್ಯಾಮ್‌ಗಳು ಹೇಳುವ ಅವನ ಕರೆಸಂಕೇತವನ್ನೇ ಹೇಳಿದೆ.

ಕಂಟ್ರೋಲ್ ರೂಮಿನವರು, ವಯಸ್ಸಾದ ದನಿ, ನಿಧಾನವಾಗಿ, "ಆ ಸಂಕೇತದವರು ತೀರಿಕೊಂಡಿದ್ದಾರೆ. ನಮ್ಮ ದಾಖಲೆಯಲ್ಲಿದೆ. ಇದು ಆಟವಾಡೋ ಹೊತ್ತಲ್ಲ. ಯಾರು ಮಾತಾಡ್ತಿರೋದು?" ಎಂದರು.

ಆ ದಾಖಲೆಗೆ ಕಾಗದ ಬರೆದವಳು ನಾನೇ.

"ಅವನ ಹೆಂಡತಿ," ಎಂದೆ.

ಯಾರೋ ನಡುವೆ ಮಾತಾಡಲು ಬಂದರು. ಅವರನ್ನು ತಡೆದು ಆ ದನಿ, "ಎಲ್ಲರೂ ಸ್ವಲ್ಪ ಸುಮ್ಮನಿರಿ," ಎಂದಿತು. "ಹೇಳಮ್ಮ. ಬರ್ಕೊಳ್ತಿದೀನಿ."

ವಿಳಾಸ ಹೇಳಿದೆ. ಅರವತ್ತೆಂಟು ವರ್ಷ, ಡಯಾಲಿಸಿಸ್, ಎರಡು ಸರದಿ ತಪ್ಪಿದೆ, ಮಲಗಲು ಆಗುತ್ತಿಲ್ಲ. ಅವರು ಒಂದೊಂದನ್ನೂ ತಿರುಗಿ ಓದಿ ಹೇಳಿದರು. ಓಣಿಯ ಹೆಸರು ತಪ್ಪಿತ್ತು. ತಿದ್ದಿದೆ. ಮತ್ತೆ ಓದಿದರು. ಸರಿಯಿತ್ತು.

"ಪಟ್ಟಿಯಲ್ಲಿ ಎರಡನೇದು ಹಾಕಿದೀನಿ. ಮಾತು ಕೊಡಲಾರೆ ಅಮ್ಮ. ನೀರು ಇನ್ನೂ ಏರ್ತಿದೆ."

ಬೋಟು ಬಂದಾಗ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಇಬ್ಬರು ಅವರನ್ನು ಕುರ್ಚಿಯ ಸಮೇತ ಇಳಿಸಿದರು. ಒಬ್ಬರಿಗೇ ಜಾಗ ಎಂದರು. ನಾನು ಮೆಟ್ಟಿಲಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ. ಮಾವನ ತುಟಿ ನೀಲಿಯಾಗಿತ್ತು. ಏನೋ ಹೇಳಿದರು, ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿತೆಂಬಂತೆ ತಲೆಯಾಡಿಸಿದೆ.

ಮೇಲೆ ಬಂದು ರೇಡಿಯೊದ ಮುಂದೆ ಕೂತೆ. ದೀಪ ಮಂಕಾಗುತ್ತಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಆ ದನಿ ಅವನ ಸಂಕೇತ ಹಿಡಿದು ನನ್ನನ್ನು ಕರೆಯಿತು.

"ಆಸ್ಪತ್ರೆ ಮುಟ್ಟಿದ್ದಾರೆ. ಮಷಿನ್‌ಗೆ ಹಾಕಿದ್ದಾರೆ. ದಾರೀಲಿ ಒಂದು ಸಲ ಎಚ್ಚರ ತಪ್ಪಿದ್ರಂತೆ. ಈಗಲೇ ಏನೂ ಹೇಳೋಕಾಗಲ್ಲ ಅಂತಾರೆ ಡಾಕ್ಟ್ರು. ಆರಕ್ಕೆ ಮತ್ತೆ ಕರೀತೀನಿ. ಬ್ಯಾಟರಿ ಉಳಿಸ್ಕೊಳ್ಳಿ."

"ಸರಿ," ಎಂದೆ. ರೇಡಿಯೊ ಆರಿಸಿದೆ.

"ಏನಂತೆ?" ಎಂದು ಟೀಚರ್ ಓಣಿಯಾಚೆಯಿಂದ ಕೂಗಿದರು.

"ಆರಕ್ಕೆ ಹೇಳ್ತಾರಂತೆ."

ಅವರು ಒಳಗೆ ಹೋಗಿ ಒಂದು ಕುರ್ಚಿ ತಂದು, ತಾರಸಿಯ ಅಂಚಿಗೆ ಹಾಕಿಕೊಂಡು, ನನ್ನೆದುರು ಕೂತರು. ನನ್ನ ಕೈ ಮಂಡಿಯ ಮೇಲೆ ನಡುಗತೊಡಗಿತ್ತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡೆ. ಆರಾಗಲು ಒಂದು ಗಂಟೆ ಇತ್ತು.